ಬೀಟ್‌ರೂಟ್ ಬೆಳೆದವಳ ಕೈಯೂಟ

ಬಂಡಳ್ಳಿಯ ಶಿವರತ್ನಮ್ಮನ ಹಿತ್ತಲಿಗೆ ಬೀಟ್‌ರೂಟ್ ಬಂದದ್ದು ೧೯೬೨ರಲ್ಲಿ, ಗ್ರಾಮಸೇವಕಿ ಮಹಾದೇವಮ್ಮನ ಕೈಚೀಲದಲ್ಲಿ. ಕೊಳ್ಳೇಗಾಲದ ಬ್ಲಾಕ್ ಆಫೀಸಿನಿಂದ ತಂದ ಪೊಟ್ಟಣದೊಳಗೆ ತೊಗಟೆಯ ಚೂರುಗಳಂಥ ಒರಟು ಬೀಜಗಳಿದ್ದವು. ಊರಿನ ಉಳಿದ ಹೆಂಗಸರು ಅವನ್ನು ಮೂಸಿ ನೋಡಿ ಹಿಂದಿರುಗಿಸಿದರು. ಯಳಂದೂರಿನ ಕಡೆಯಿಂದ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿದ್ದ ಶಿವರತ್ನಮ್ಮ ಮಾತ್ರ ಪೊಟ್ಟಣವನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಆ ಮನೆಯಲ್ಲಿ ಹೊಲ ಮಾವ ಶಿವಮಲ್ಲಪ್ಪನದು, ರೇಷ್ಮೆಹುಳು ಗಂಡ ಸದಾಶಿವಪ್ಪನದು, ಹಾಲುಮೊಸರು ಅತ್ತೆ ದೊಡ್ಡಬಸಮ್ಮನದು. ತನ್ನದೆಂದು ಹೇಳಿಕೊಳ್ಳಲು ಅವಳಿಗೆ ಸಿಕ್ಕಿದ್ದು ಬಚ್ಚಲ ನೀರು ಹರಿದುಹೋಗುವ ಎರಡು ಮಾರು ನೆಲ.

ಮೊದಲ ವರ್ಷ ಬೆಳೆ ಕೈಕೊಟ್ಟಿತು. ಒಂದೊಂದು ಬೀಜದಿಂದ ಮೂರು ನಾಲ್ಕು ಮೊಳಕೆಗಳು ಒತ್ತೊತ್ತಾಗಿ ಎದ್ದವು. ರಾಗಿ ಪೈರು ಕಿತ್ತು ನೆಟ್ಟು ಅಭ್ಯಾಸವಿದ್ದ ಅವಳು ಇವನ್ನೂ ಕಿತ್ತು ಬೇರೆ ಪಾತಿಗೆ ನೆಟ್ಟಳು. ಬೇರು ಕವಲೊಡೆದು ಸಣಕಲಾಗಿ, ಸೊಪ್ಪಷ್ಟೇ ಉಳಿಯಿತು.

"ಬೀಟ್ರೋಟು ಅಂದ್ರೆ ಇಲಿ ಬಾಲ್ವೇನವ್ವ? ಆಪೀಸ್ನೋರು ಬೆಕ್ಕು ಸಾಕಿರೋರ್ಗೆ ಅಂತ ಕೊಟ್ಟಿದ್ರೋ ಏನೋ" ಎಂದು ದೊಡ್ಡಬಸಮ್ಮ ಮೂರು ದಿನ ನಕ್ಕಳು.

ಮರುವರ್ಷ ದೀಪಾವಳಿಯ ನಂತರ ಶಿವರತ್ನಮ್ಮ ಮಿಕ್ಕ ಬೀಜವನ್ನು ಒಂದು ರಾತ್ರಿ ನೆನೆಹಾಕಿ ಬಿತ್ತಿದಳು. ಮೊಳಕೆ ಬೆರಳುದ್ದ ಬಂದಾಗ ಗುಂಪಿಗೆ ಒಂದನ್ನು ಉಳಿಸಿ ಉಳಿದವನ್ನು ಚಿವುಟಿ ಎಸೆದಳು. ಚಿವುಟಿದ ಬುಡದಲ್ಲೆಲ್ಲ ಸಣ್ಣ ಕೆಂಪು ಹನಿ ಒಸರಿತು. ಒಲೆಯ ಬೂದಿ ಎರಚಿದಳು, ಸಂಜೆ ಸಂಜೆ ನೀರು ಕಟ್ಟಿದಳು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಮಣ್ಣನ್ನು ಎತ್ತಿಕೊಂಡು ಗೆಡ್ಡೆಗಳು ಹೆಗಲು ತೋರಿಸಿದವು.

ಹೆಚ್ಚುವಾಗ ಮಣೆ ಕೆಂಪಾಯಿತು, ಅಂಗೈ ಕೆಂಪಾಯಿತು. ದೊಡ್ಡಬಸಮ್ಮ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಳು. "ಕುಯ್ದ್ರೆ ನೆತ್ತರು ಸುರಿಯೋದ್ನ ನಾನಂತೂ ಮುಟ್ಟಕಿಲ್ಲ. ಲಿಂಗ ಕಟ್ಕಂಡೋರ ಮನೆ ಇದು."

ಶಿವಮಲ್ಲಪ್ಪನಿಗೆ ಮಾತ್ರ ಆ ಸಿಹಿ ಹಿಡಿಸಿತು. ಮಗ ರೇಷ್ಮೆಗೂಡು ಮಾರಲು ಕೊಳ್ಳೇಗಾಲಕ್ಕೆ ಹೋಗಿದ್ದ ಆ ಮೂರು ದಿನವೂ ಆತ ಸೊಸೆಯಿಂದ ಪಲ್ಯ ಮಾಡಿಸಿಕೊಂಡು ಉಂಡ. "ಇನ್ನೊಂದೀಟು ಇಕ್ಕವ್ವ. ನಿಮ್ಮತ್ತೆ ಬಾಯ್ಗೆ ಸೀ ಅಂದ್ರೆ ಆಗಕಿಲ್ಲ, ಅದ್ಕೇ ಅವ್ಳ ಮಾತೂ ಅಂಗೆ."

ಮೂರು ಬೆಳಗೂ ಬೇಲಿಯ ಬಳಿಯ ಬಿಳಿ ಕಲ್ಲಿನ ಮೇಲೆ ಅವನ ಮೂತ್ರ ಕೆಂಪಾಗಿ ಹರಿಯಿತು. ಮೊದಲ ದಿನ ಕಣ್ಣು ಮಂಜಾಗಿರಬೇಕೆಂದುಕೊಂಡ. ಎರಡನೆಯ ದಿನ ದೇಹದ ಉಷ್ಣವೆಂದುಕೊಂಡ. ಮೂರನೆಯ ದಿನ ಜಗಲಿಯಲ್ಲಿ ಕುಳಿತು ಹೆಂಡತಿಗೆ ಹೇಳಿದ. ಗೆಡ್ಡೆಯ ಬಣ್ಣವೇ ಹೊರಗೆ ಬಂದಿರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ. ಆ ಸೀಮೆಯಲ್ಲಿ ಇಂಥ ಕಾಯಿಲೆಗೆ ಬೇರೊಂದು ಹೆಸರು ಸಿದ್ಧವಾಗಿತ್ತು. ಅನ್ನದಲ್ಲಿ ಗುಟ್ಟಾಗಿ ಬೆರೆಸಿ, ಉಂಡವನನ್ನು ಒಳಗೊಳಗೇ ಸವೆಸುವ ವಿಷಕ್ಕೆ ಜನ ಮದ್ದು ಎನ್ನುತ್ತಿದ್ದರು. ಮದ್ದನ್ನು ಕಣ್ಣಾರೆ ಕಂಡವರಿರಲಿಲ್ಲ. ಇಕ್ಕಿದವಳು ಇಂಥವಳೇ ಎಂದು ಹೇಳಬಲ್ಲವರು ಮಾತ್ರ ಎಲ್ಲ ಊರಲ್ಲೂ ಇದ್ದರು. ಒಮ್ಮೆ ಆ ಹೆಸರು ಬಿದ್ದ ಮನೆಯಲ್ಲಿ ಯಾರೂ ಮಜ್ಜಿಗೆಯನ್ನೂ ಕುಡಿಯುತ್ತಿರಲಿಲ್ಲ, ಆ ಮನೆಯ ಹೆಣ್ಣನ್ನು ತರುತ್ತಿರಲಿಲ್ಲ.

ದೊಡ್ಡಬಸಮ್ಮ ಸೊಸೆಯ ಬಳಿ ಕೆಂಪಿನ ಮಾತನ್ನೇ ಎತ್ತಲಿಲ್ಲ. "ನಿಮ್ಮಾವ್ನಿಗೆ ಏನ್ ಇಕ್ಕುದ್ಯವ್ವ?" ಎಂದಷ್ಟೇ ಕೇಳಿದಳು.

"ಬೀಟ್ರೋಟ್ ಪಲ್ಯ ಅಲ್ವಾ ಅತ್ತೆ. ನಾನೂ ಅದ್ನೇ ಉಂಡೆ."

"ನಿಂಗೇನಾಯ್ತು?"

"ನಂಗೇನಾದದು? ಏನೂ ಆಗ್ನಿಲ್ಲ."

"ಅದೇ ಕಣವ್ವ" ಎಂದಳು ದೊಡ್ಡಬಸಮ್ಮ. "ಇಕ್ಕಿದೋಳ್ಗೆ ಏನೂ ಆಗಕಿಲ್ಲ."

ಶಿವರತ್ನಮ್ಮ ಹೇಳಿದ್ದು ನಿಜವಾಗಿತ್ತು. ಆ ಗೆಡ್ಡೆ ತಿಂದವರಲ್ಲಿ ಕೆಲವರ ಮೂತ್ರ ಮಾತ್ರ ಕೆಂಪಾಗುತ್ತದೆ, ಎಲ್ಲರದಲ್ಲ. ಅವಳ ನಿಜವೇ ಅವಳ ಮೇಲಿನ ಸಾಕ್ಷಿಯಾಯಿತು.

ಮರುದಿನ ಮದ್ದು ತೆಗೆಯುವ ಕೆಂಚಯ್ಯ ಬಂದ. ಸೊಪ್ಪಿನ ರಸ ಕುಡಿಸಿ ಶಿವಮಲ್ಲಪ್ಪನನ್ನು ವಾಂತಿ ಮಾಡಿಸಿ, ಕೂದಲು ಸುತ್ತಿದ ಕಪ್ಪು ಉಂಡೆಯೊಂದನ್ನು ಎಲೆಯ ಮೇಲಿಟ್ಟು ತೋರಿಸಿದ. ಪಲ್ಯ ನಿಂತಿತ್ತು, ಕೆಂಪೂ ನಿಂತಿತು. ಮಾವ ಚೇತರಿಸಿಕೊಂಡದ್ದೇ ಸೊಸೆಯ ಅಪರಾಧಕ್ಕೆ ಮುದ್ರೆ ಒತ್ತಿದಂತಾಯಿತು. ಅವಳನ್ನು ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅಡುಗೆಮನೆಗೆ ಬರಬೇಡವೆಂದರು. ಅವಳು ಸೇದಿ ತಂದ ನೀರನ್ನು ದೊಡ್ಡಬಸಮ್ಮ ದನಗಳ ಬಾನಿಗೆ ಸುರಿದು, ತಾನೇ ಬಾವಿಗೆ ಹೋದಳು.

ಕೊಳ್ಳೇಗಾಲದಿಂದ ಹಿಂದಿರುಗಿದ ಸದಾಶಿವಪ್ಪ ತಾಯಿ ಬಡಿಸಿದ್ದನ್ನು ಉಂಡ. ತಿಂಗಳ ಮೇಲೆ ಒಂದು ಮಧ್ಯಾಹ್ನ ಹಿತ್ತಲಿಗೆ ಬಂದು, ಬಲಿತು ಬಿರಿಯುತ್ತಿದ್ದ ಗೆಡ್ಡೆಗಳನ್ನು ನೋಡಿದ.

"ಯಾಕ್ ಕೀಳ್ನಿಲ್ಲ ಇವ?"

"ಯಾರಿಗ್ ಕೀಳ್ಲಿ?" ಎಂದಳು. ಆಮೇಲೆ, "ಮಾವಂಗೆ ಏನಾಗಿತ್ತು ಅಂತ ನನ್ಗೆ ಯಾರೂ ಏಳ್ನಿಲ್ಲ. ನೀವಾದ್ರೂ ಏಳಿ."

"ಉಚ್ಚೇಲಿ ನೆತ್ತರು."

ಅವಳು ಒಂದು ಗೆಡ್ಡೆಯತ್ತ ನೋಡಿದಳು. "ಕೆಂಪಗಾ?"

"ನೆತ್ತರು ಇನ್ನೇನ್ ಅಸ್ರಗಿದ್ದದಾ?"

"ರೀ, ಇದ್ರ ನೀರು ಚೆಲ್ಲುದ್ರೆ ಬಚ್ಲು ಕೆಂಪು. ನನ್ ಸೆರಗಿನ್ ಕಲೆ ಇನ್ನೂ ಓಗಿಲ್ಲ. ಒಟ್ಟೆಗ್ ಓದ್ರೆ ಮಾತ್ರ ಬಣ್ಣ ಓಗ್ಬುಟ್ಟದಾ?"

ಸದಾಶಿವಪ್ಪ ಅವಳ ಸೆರಗಿನ ಕಲೆ ನೋಡಿದ. "ನಿಂಗೂ ಅಂಗೇ ಬಂತಾ?"

ಹೌದೆಂದಿದ್ದರೆ ಅವನು ನಂಬುತ್ತಿದ್ದ. "ಇಲ್ಲ" ಎಂದಳು. "ನಂಗ್ ಬರ್ನಿಲ್ಲ. ಯಾಕೋ ನಂಗೊತ್ತಿಲ್ಲ. ನನ್ ಕೈ ಸೋಕ್ದಂಗೆ ನೀವೇ ಕಿತ್ಕಳಿ, ನೀವೇ ಬೇಯ್ಸ್ಕಂಡ್ ತಿನ್ನಿ. ಸಾಯೋದಿದ್ರೆ ನಿಮ್ ಕೈಯಿಂದ್ಲೇ ಸತ್ತಂಗಾಯ್ತದೆ."

ಅವನು ಹೊರಟುಹೋದ. ಮರುದಿನ ಪಾತಿಯಲ್ಲಿ ಎರಡು ಗುಂಡಿಗಳು ಬಿದ್ದಿದ್ದವು. ಕಾಡುಹಂದಿಯ ಕೆಲಸವೆಂದು ದೊಡ್ಡಬಸಮ್ಮ ಬೇಲಿಗೆ ಮುಳ್ಳು ಹಾಕಿಸಿದಳು.

ಅದೇ ವಾರ ಯಳಂದೂರಿನಿಂದ ಸುದ್ದಿ ಬಂತು. ಶಿವರತ್ನಮ್ಮನ ತಂಗಿ ಪುಟ್ಟಬಸಮ್ಮನಿಗೆ ಗೊತ್ತಾಗಿದ್ದ ಗಂಡಿನವರು ಗುರುವಾರ ವೀಳ್ಯವನ್ನು ಹಿಂದಿರುಗಿಸಿದ್ದರು. ಕಾರಣ ಕೇಳಿದ್ದಕ್ಕೆ, ಅಕ್ಕ ಇಕ್ಕಿದ್ದನ್ನು ತಂಗಿ ಇಕ್ಕುವುದಿಲ್ಲವೆಂದು ಹೇಗೆ ನಂಬುವುದು ಎಂದರಂತೆ. ಸುದ್ದಿ ತಂದ ಅಣ್ಣ ಜಗಲಿಯ ಮೇಲೂ ಕೂರಲಿಲ್ಲ.

ಮುಂದಿನ ಮಂಗಳವಾರ ಬೆಳಗಿನ ಊಟದ ಹೊತ್ತಿನಲ್ಲಿ ಸದಾಶಿವಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ತಂದೆಯ ಮುಖ ನೋಡದೆ ಹೇಳಿದ. ಗದ್ದೆಯ ಕಡೆ ತಾನೇ ಬೆಂಕಿ ಹೊತ್ತಿಸಿ ಗೆಡ್ಡೆ ಸುಟ್ಟು ತಿಂದದ್ದನ್ನು, ಮರುಬೆಳಗ್ಗೆ ತನಗೂ ಕೆಂಪಾದದ್ದನ್ನು, ಎರಡು ದಿನಕ್ಕೆ ತಾನಾಗಿಯೇ ನಿಂತದ್ದನ್ನು.

"ನಂಗೆ ಯಾರ್ ಮದ್ದಿಕ್ಕಿದ್ರಪ್ಪಾಜಿ? ನಾನೇ ಇಕ್ಕಂಡ್ನಾ?"

ಕೆಂಚಯ್ಯ ತೋರಿಸಿದ ಉಂಡೆಯ ವಿಷಯವನ್ನು ದೊಡ್ಡಬಸಮ್ಮ ಎತ್ತಿದಳು. "ಬುಡಮ್ಮಿ, ಕೂದ್ಲು ಕೆಂಚಯ್ಯಂದೇ ಇರ್ಬೇಕು" ಎಂದು ಶಿವಮಲ್ಲಪ್ಪ ಅವಳ ಬಾಯಿ ಮುಚ್ಚಿಸಿ, ಸೊಸೆಯನ್ನು ಒಳಗೆ ಕರೆಸಿದ. "ನೀನೇ ಬಡ್ಸವ್ವ" ಎಂದ. ಕ್ಷಮೆಯ ಮಾತು ಅಷ್ಟೇ. ಊರಿನವರ ಮುಂದೆ ಹೋಗಿ, ತನ್ನ ಉಚ್ಚೆಯ ಬಣ್ಣವನ್ನು ವಿವರಿಸಿ, ತಾನು ಮೋಸಹೋದೆನೆಂದು ಹೇಳುವುದು ಅವನಂಥ ಹಿರಿಯನಿಂದ ಆಗುವ ಕೆಲಸವಾಗಿರಲಿಲ್ಲ.

ಶಿವರತ್ನಮ್ಮ ಗಂಡನನ್ನು ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ ಕೇಳಿದಳು. "ಯಾವತ್ ತಿಂದ್ರಿ?"

"ಓದ್ ವಾರ, ಸ್ವಾಮಾರ."

ಸೋಮವಾರ ತಿಂದಿದ್ದ, ಮಂಗಳವಾರ ಬೆಳಗ್ಗೆ ತಿಳಿದಿದ್ದ, ಗುರುವಾರ ತಂಗಿಯ ಮದುವೆ ಮುರಿದಿತ್ತು.

"ಎಲ್ಲಾ ಗೊತ್ತಿದ್ದೂ ಎಂಟ್ ದಿನ ಎಂಗ್ ಉಂಡ್ರಿ?" ಎಂದಳು.

"ನಂಗೂ ನಾಚ್ಕೆ ಇರಕಿಲ್ವಾ? ಅಪ್ಪಾಜಿ ಮುಂದೆ ಅಂಥ ಮಾತು..." ಎಂದು ಅವನು ತಡವರಿಸಿದ. ಅವಳು ಪಾತಿಗಿಳಿದು ಉಳಿದ ಗೆಡ್ಡೆಗಳನ್ನೆಲ್ಲ ಕಿತ್ತು ದನದ ಮುಂದೆ ಹಾಕಿದಳು.

ಮನೆಯವರು ಅವಳ ಕೈಯ ಅಡುಗೆಯನ್ನು ಮತ್ತೆ ಉಂಡರು. ಪುಟ್ಟಬಸಮ್ಮನನ್ನು ಎರಡು ವರ್ಷದ ಮೇಲೆ ಮಾರ್ಟಳ್ಳಿಯ ಕಡೆಯ ವಿಧುರನೊಬ್ಬನಿಗೆ ಕೊಟ್ಟರು. ಅಕ್ಕತಂಗಿಯರ ನಡುವೆ ಮಾತು ಕೂಡಲಿಲ್ಲ. ಊರಿನಲ್ಲಿ ಯಾರೂ ಶಿವರತ್ನಮ್ಮನ ಎದುರಿಗೆ ಏನೂ ಅನ್ನುತ್ತಿರಲಿಲ್ಲ. ಅವಳು ಕೊಟ್ಟ ಮಜ್ಜಿಗೆಯನ್ನು ಕೈಗೆ ತೆಗೆದುಕೊಂಡು, ಈಗಷ್ಟೇ ಉಂಡು ಬಂದೆವೆಂದು ಕೆಳಗಿಡುತ್ತಿದ್ದರು, ಅಷ್ಟೇ.

ಎಪ್ಪತ್ತರ ದಶಕದ ಹೊತ್ತಿಗೆ ಆ ಮನೆಗೆ ಬರುತ್ತಿದ್ದ ಹೊಸ ನೆಂಟರಿಗೆ ಅವಳ ಒಂದು ಪದ್ಧತಿ ವಿಚಿತ್ರವಾಗಿ ಕಾಣುತ್ತಿತ್ತು. ಎಲೆ ಹಾಕಿದ ಮೇಲೆ, ಯಾರಿಗೂ ಬಡಿಸುವ ಮೊದಲು, ಅವಳು ಪ್ರತಿ ಪಾತ್ರೆಯಿಂದಲೂ ಒಂದೊಂದು ಸೌಟನ್ನು ತನ್ನ ಅಂಗೈಗೆ ಸುರಿದುಕೊಂಡು, ಎಲ್ಲರೂ ನೋಡುವಂತೆ ನಿಂತು ತಿನ್ನುತ್ತಿದ್ದಳು. ನೈವೇದ್ಯಕ್ಕೂ ಮೊದಲು ಹೆಂಗಸು ಉಣ್ಣುವುದುಂಟೇ ಎಂದು ದೊಡ್ಡಬಸಮ್ಮ ಒಮ್ಮೆ ಗದರಿದ್ದಳು. ಶಿವರತ್ನಮ್ಮ ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿ, ಕೈ ತೊಳೆದುಕೊಂಡು, ಮೊದಲ ಎಲೆಗೆ ಬಡಿಸಿದಳು.