ವಾಸುವಿನ ಹಾಡು ಎಳೆಯುತ್ತಿರಲಿಲ್ಲ

ವಾಸುವಿನ ಹಾಡು ಎಳೆಯುತ್ತಿರಲಿಲ್ಲ. ಎಳೆಯುತ್ತಿದ್ದದ್ದು ನನ್ನ ಕ್ಯಾಸೆಟ್ ಡೆಕ್. ಆ ಭಾನುವಾರ ಅಂಗಡಿಯಲ್ಲಿ ಕೂತಿದ್ದವರ ಪೈಕಿ ಅದು ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಹಾಡೇ ಹಾಗಿದೆ ಎಂದೆ. ಒಂದು ವ್ಯಾಪಾರ ಕೆಡಬಾರದೆಂದು ಹೇಳಿದೆ — ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಇಲ್ಲ.

ತೊಂಬತ್ತರ ದಶಕದ ಮಾತು. ಹಲಸೂರಿನ ಒಂದು ಗಲ್ಲಿಯಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಅದಕ್ಕೆ ಮೊದಲು ಕಮರ್ಷಿಯಲ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಮಾರಿದವನು ನಾನು. ಗಿರಾಕಿಯ ಕಣ್ಣು ಯಾವುದರ ಮೇಲೆ ನಿಂತಿದೆ, ಎಷ್ಟಕ್ಕೆ ಬಗ್ಗುತ್ತಾನೆ — ಅದನ್ನೆಲ್ಲ ಕಲಿತದ್ದು ಅಲ್ಲೇ. ಅಂಗಡಿಯಾದ ಮೇಲೆ ಕ್ಯಾಸೆಟ್ ಜೊತೆಗೆ ಹಳೇ ಡೆಕ್, ಸ್ಪೀಕರ್ ಕೊಂಡು, ಒರೆಸಿ, ರಿಪೇರಿ ಮಾಡಿಸಿ ಮಾರುತ್ತಿದ್ದೆ. ಯಾರು ಏನು ಕೇಳಲಿ ಬಿಡಲಿ, ನನ್ನ ಬಳಿ ಒಂದು ಸಲಹೆ ಇರುತ್ತಿತ್ತು. ಆಗ ಅದು ನನಗೆ ದೊಡ್ಡಸ್ತಿಕೆ.

ಡಿಸೆಂಬರಿನ ಕೊನೆಯ ಭಾನುವಾರ ನಮ್ಮಲ್ಲಿ ಪಂಚಾಯ್ತಿ ಸೇರುತ್ತಿತ್ತು. ಹಾಡಿನ ಹುಚ್ಚಿದ್ದವರೆಲ್ಲ ಬಂದು ಶಟರ್ ಅರ್ಧ ಇಳಿಸಿ ಕೂರುತ್ತಿದ್ದರು. ಆ ವರ್ಷ ಬಂದದ್ದರಲ್ಲಿ ಅತ್ಯುತ್ತಮ ಯಾವುದು, ನಂಬಿಸಿ ಕತ್ತು ಕೊಯ್ದದ್ದು ಯಾವುದು — ಇವೆರಡು ತೀರ್ಮಾನ. ಗೆದ್ದ ಕ್ಯಾಸೆಟ್ ವರ್ಷವಿಡೀ ಮುಂದಿನ ಗಾಜಿನ ಶೋಕೇಸಿನಲ್ಲಿ ಇರುತ್ತಿತ್ತು. ಸೋತದ್ದರ ಟೇಪನ್ನು ಪೂರ್ತಿ ಹೊರಕ್ಕೆಳೆದು ಅಂಗಡಿ ಬಾಗಿಲಿಗೆ ತೋರಣ ಕಟ್ಟುತ್ತಿದ್ದೆವು. ಸಂಕ್ರಾಂತಿ ಕಳೆಯುವವರೆಗೂ ಅದು ಬಿಸಿಲಿಗೆ ಕಪ್ಪಗೆ ಮಿನುಗುತ್ತಾ ತೂಗಾಡುತ್ತಿತ್ತು. ಹೋಗುವವರು ಬರುವವರು ನಿಂತು, ಈ ಸಲ ಯಾರದ್ದು ಎಂದು ಕೇಳುತ್ತಿದ್ದರು. ಸುತ್ತಲಿನ ಅಂಗಡಿಯವರೂ ಆ ತೋರಣ ನೋಡಿಯೇ ಮಾಲು ತರಿಸುವುದೋ ಬೇಡವೋ ಎಂದು ನಿರ್ಧರಿಸುತ್ತಿದ್ದರು. ಆಟವೇ ಆದರೂ ಅದಕ್ಕೆ ತೂಕವಿತ್ತು.

ವಾಸು ನನ್ನ ಗೆಳೆಯ. ವಿಮಾನಪುರದ ಕಾರ್ಖಾನೆಯಲ್ಲಿ ಫಿಟ್ಟರ್. ಅವನು ಹಾಡುವುದನ್ನು ಕೇಳಿದವರು ಕಡಿಮೆ. ನಾಲ್ಕು ಜನರ ಮುಂದೆ ಹಾಡು ಎಂದರೆ ನಾಚುತ್ತಿದ್ದ. ಮನೆಯಲ್ಲಿ, ಕಣ್ಣು ಮುಚ್ಚಿ, ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಅವಸರವೇ ಇಲ್ಲದೆ ಹೋಗುತ್ತಿದ್ದ. ಆ ವರ್ಷ ಅದೆಲ್ಲಿಂದ ಧೈರ್ಯ ಬಂತೋ, ತಾನೇ ಬರೆದು ರಾಗ ಹಾಕಿದ ಭಾವಗೀತೆಗಳನ್ನು ಸ್ಟುಡಿಯೋದಲ್ಲಿ ಹಾಡಿ ಕ್ಯಾಸೆಟ್ ಮಾಡಿಸಿದ. ಪಂಚಾಯ್ತಿಯ ದಿನ ಅವನಿಗೆ ಓವರ್‌ಟೈಮ್. ಬೆಳಿಗ್ಗೆಯೇ ಬಂದು ಕ್ಯಾಸೆಟ್ ಕೊಟ್ಟು, ಇವರ ಕಿವಿಗೆ ಬಿದ್ದರೆ ಸಾಕು ಮಂಜ, ಇವರು ಚೆನ್ನಾಗಿದೆ ಅಂದರೆ ಮುಂದೆಯೂ ಹಾಡುತ್ತೇನೆ, ಇಲ್ಲದಿದ್ದರೆ ಇಷ್ಟಕ್ಕೇ ಬಿಡುತ್ತೇನೆ ಎಂದು ಹೇಳಿ ಹೋದ.

ಅದೇ ದಿನ ಕಗ್ಗದಾಸಪುರದ ಮುನಿರಾಜು ಕೂಡ ಬಂದಿದ್ದ. ಅವನಿಗೆ ಹಾಡಿಗಿಂತ ಅಂಗಡಿಯ ದೊಡ್ಡ ಡೆಕ್ ಮೇಲೆ ಕಣ್ಣು. ಹೊಲವೆಲ್ಲ ಸೈಟಾಗಿ, ಹೊಸ ಮನೆ ಕಟ್ಟಿಸಿದ್ದ. ಹಾಲ್‌ನಲ್ಲಿ ಇಡಲು ಅದೇ ಬೇಕೆಂದು ಹಟ. ಎರಡು ಕ್ಯಾಸೆಟ್ ಹಾಕುವ ಡೆಕ್ ಅದು. ಎಡಗಡೆಯದು ಚೆನ್ನಾಗಿತ್ತು. ಬಲಗಡೆಯದರ ರಬ್ಬರ್ ಬೆಲ್ಟ್ ಸಡಿಲವಾಗಿ, ಟೇಪ್ ಸ್ವಲ್ಪ ನಿಧಾನಕ್ಕೆ ಓಡುತ್ತಿತ್ತು. ತೀರಾ ಕೆಟ್ಟಿರಲಿಲ್ಲ — ಗೊತ್ತಿರುವ ಹಾಡಾದರೆ ಮಾತ್ರ ಏನೋ ಸರಿಯಿಲ್ಲ ಎನಿಸುವಷ್ಟು. ನಾನು ಅವನಿಗೆ ಎಡಗಡೆಯಲ್ಲಿ ಮಾತ್ರ ಕೇಳಿಸಿದ್ದೆ. ಹಳೇ ಸಾಮಾನು ಕೊಳ್ಳುವವರಿಗೆ ಈಗಲೂ ಹೇಳುತ್ತೇನೆ, ಮಾರುವವನು ಎಲ್ಲಿ ಕೈ ಹಾಕುವುದಿಲ್ಲವೋ ಅಲ್ಲಿ ಕೈ ಹಾಕಿ ನೋಡಿ.

ವಾದ ಜೋರಾಗಿತ್ತು. ಎಡಗಡೆಯಲ್ಲಿ ಜೋಸೆಫ್ ತಂದಿದ್ದ ಗಿಟಾರ್ ಕ್ಯಾಸೆಟ್ ಇತ್ತು. ಅವನು ಅದನ್ನು ತೆಗೆಯಲು ಬಿಡುತ್ತಿರಲಿಲ್ಲ. ಶಿವಾಜಿನಗರದ ನಯಾಜ್ ಭಾಯ್ ತನ್ನ ಗಜಲ್ ಹಾಕಬೇಕೆಂದು ಕೂಗಾಡುತ್ತಿದ್ದ. ಆ ಗಲಾಟೆಯಲ್ಲಿ ನಾನು ವಾಸುವಿನ ಕ್ಯಾಸೆಟ್ಟನ್ನು ಬಲಗಡೆಗೆ ತಳ್ಳಿ ಬಟನ್ ಒತ್ತಿದೆ. ಅಷ್ಟು ಮಾತ್ರ ಕೈತಪ್ಪು. ಆಮೇಲಿನದ್ದು ಕೈತಪ್ಪಲ್ಲ, ತಿಳಿದು ಮಾಡಿದ್ದು.

ಹಾಡು ಶುರುವಾಯಿತು. ವಾಸುವಿನ ಗಂಟಲು ಕೆಳಕ್ಕಿಳಿದು, ನೀರೊಳಗೆ ಯಾರೋ ನಡೆದ ಹಾಗೆ —

"ಏನ್ ಮಗಾ, ಕರೆಂಟ್ ಹೋಗ್ತಾ ಇದ್ಯಾ?" ಅಂದ ಜೋಸೆಫ್.

"ಪಾಪ, ಹಾಡೋನಿಗೆ ಊಟ ಹಾಕಿಲ್ಲ ಭಾಯ್," ಅಂದ ನಯಾಜ್.

ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡನೇ ಹಾಡಿಗೆ ನಗು ನಿಂತು ಬೇಸರ ಶುರುವಾಯಿತು. ಆಗ ಜೋಸೆಫ್ ಕಿವಿಯನ್ನು ಸ್ಪೀಕರ್ ಹತ್ತಿರ ತಂದು, ನನ್ನ ಮುಖ ನೋಡಿ ಕೇಳಿದ:

"ಗುರು, ನಿನ್ ಡೆಕ್ ಸರಿಯಾಗಿದ್ಯಾ?"

ಮುನಿರಾಜು ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟ. ಅವನೂ ನನ್ನನ್ನೇ ನೋಡಿದ.

"ಡೆಕ್ ಸರಿಯಾಗೇ ಇದೆ. ಹಾಡೇ ಹಾಗಿರೋದು," ಅಂದೆ.

ಅಷ್ಟಕ್ಕೇ ಬಿಡಲಿಲ್ಲ. ಎಡಗಡೆಯ ಬಟನ್ ಒತ್ತಿದೆ. ಜೋಸೆಫನ ಗಿಟಾರ್ ಸರಿಯಾಗಿ, ಗಣಗಣ ಎಂದು ನುಡಿಯಿತು. ನೋಡಿದ್ಯಾ ಎಂಬಂತೆ ಎಲ್ಲರ ಕಡೆಗೂ ಕೈ ತೋರಿಸಿದೆ. ಅದಕ್ಕಿಂತ ಇನ್ನೇನು ಸಾಕ್ಷಿ ಬೇಕು? ಮುನಿರಾಜು ಲೋಟ ಎತ್ತಿಕೊಂಡ. ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ವರ್ಷದ ಅತಿ ದೊಡ್ಡ ನಿರಾಸೆ — ವಾಸು. ಟೇಪ್ ಎಳೆದು ತೋರಣ ಕಟ್ಟಿದವರು ಅವರು. ಏರಲು ಸ್ಟೂಲ್ ಕೊಟ್ಟವನು ನಾನು.

ಸಂಜೆ ವಾಸು ಬಂದಾಗ ಎಲ್ಲರೂ ಹೋಗಿದ್ದರು. ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದಿದ್ದ. ಬಾಗಿಲಲ್ಲಿ ನಿಂತು ಆ ತೋರಣವನ್ನು ಬೆರಳಿನಿಂದ ಮುಟ್ಟಿ ನೋಡಿದ. ಯಾರದ್ದು ಎಂದು ಕೇಳಲಿಲ್ಲ. ಪಕ್ಕದಲ್ಲೇ ಕ್ಯಾಸೆಟ್ಟಿನ ಖಾಲಿ ಡಬ್ಬಿ ನೇತು ಹಾಕಿದ್ದರು. ಅದರ ಮೇಲೆ ಅವನ ಫೋಟೋ ಇತ್ತು.

"ಎಲ್ಲಿ ತಪ್ಪಾಯ್ತು ಮಂಜ?" ಅಂದ.

ಆಗಲೂ ಹೇಳಬಹುದಿತ್ತು. ಅಂಗಡಿಯಲ್ಲಿ ನಾವಿಬ್ಬರೇ. ಮುನಿರಾಜು ಮಾತು ಮುಗಿಸಿ ಹೋಗಿಯಾಗಿತ್ತು, ಡೆಕ್ ಅವನದ್ದೇ ಎಂದಾಗಿತ್ತು. ಆದರೆ ನನ್ನ ಬಾಯಿಗೆ ಬಂದದ್ದು ಸಲಹೆ.

"ಎಳೀತೀಯ ಕಣೋ. ಜನಕ್ಕೆ ಈಗ ಅಷ್ಟು ಪುರುಸೊತ್ತಿಲ್ಲ. ಸ್ವಲ್ಪ ಬೇಗ ಬೇಗ ಹಾಡು," ಅಂದೆ.

ಅವನು ತಲೆಯಾಡಿಸಿದ. ಟೀ ತರಿಸಲಾ ಎಂದೆ, ಬೇಡ ಎಂದ.

ಮರುದಿನ ಬೆಳಿಗ್ಗೆ ಶಿವಾಜಿನಗರದಿಂದ ಹೊಸ ಬೆಲ್ಟ್ ತಂದು ಹಾಕಿದೆ. ಗಿರಾಕಿಗೆ ಕೆಟ್ಟ ಸಾಮಾನು ಕೊಡುವವನಲ್ಲ ನಾನು — ಹಾಗೆ ಅಂದುಕೊಂಡೇ ಹಾಕಿದೆ. ಸರಿಹೋಯಿತೋ ನೋಡಲು ಕೈಗೆ ಸಿಕ್ಕಿದ ಕ್ಯಾಸೆಟ್ ಬಲಗಡೆಗೆ ಹಾಕಿದೆ. ಮಾರಲೆಂದು ವಾಸು ಇಟ್ಟು ಹೋಗಿದ್ದ ಕಟ್ಟಿನಲ್ಲಿದ್ದ ಒಂದು. ಕ್ಯಾಸೆಟ್ಟಿನ ಎರಡೂ ಬದಿ ಪೂರ್ತಿ ಕೇಳಿದೆ. ಅವನ ಮನೆಯಲ್ಲಿ ಕೇಳುತ್ತಿದ್ದೆನಲ್ಲ, ಹಾಗೇ ಇತ್ತು. ನಿಧಾನ ನಿಜ, ಆದರೆ ಎಳೆತವಲ್ಲ. ಉಸಿರು ಇದ್ದಷ್ಟು ನಿಧಾನ. ಆ ವರ್ಷ ನನ್ನ ಅಂಗಡಿಗೆ ಬಂದದ್ದರಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಕೇಳಿ ಮುಗಿಸಿ ಡೆಕ್ ಪ್ಯಾಕ್ ಮಾಡಿದೆ. ತೋರಣ ಬಿಚ್ಚಲಿಲ್ಲ. ಬಿಚ್ಚಿದರೆ ಯಾಕೆಂದು ಕೇಳುತ್ತಾರೆ.

ಯಾವ ಅಂಗಡಿಯವರೂ ಅವನ ಕ್ಯಾಸೆಟ್ ತರಿಸಲಿಲ್ಲ. ಆದರೂ ಅವನು ಹೇಳಿದ್ದ ಹಾಗೆ ಅಷ್ಟಕ್ಕೇ ಬಿಡಲಿಲ್ಲ. ನನ್ನ ಮಾತು ನಂಬಿದ್ದ. ಮುಂದಿನ ಗಣೇಶನ ಹಬ್ಬಕ್ಕೆ ಬಡಾವಣೆಯ ಪೆಂಡಾಲಿನಲ್ಲಿ ಹಾಡಿದ. ಅದೇ ಹಾಡುಗಳು. ಬಸ್ಸಿಗೆ ಓಡುವವನ ಹಾಗೆ ಹಾಡಿದ. ಸಾಲು ಮುಗಿಯುವ ಮೊದಲೇ ಮುಂದಿನ ಸಾಲು ಹಿಡಿದ, ಉಸಿರು ಸಾಲಲಿಲ್ಲ, ತಬಲಾದವನು ಅವನ ಹಿಂದೆ ಓಡಿ ಓಡಿ ಸೋತ. ಹುಡುಗರು ಸಿಳ್ಳೆ ಹಾಕಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಅದಾದ ಮೇಲೆ ಅವನು ಹಾಡಿದ್ದು ನಾನು ಕೇಳಿಲ್ಲ. ಯಾರೂ ಕೇಳಿಲ್ಲ.

ವರ್ಷಗಳು ಕಳೆದವು. ಕ್ಯಾಸೆಟ್ ಕಾಲ ಮುಗಿಯಿತು. ನಾನು ಮೊಬೈಲ್ ಮಾರಾಟಕ್ಕೆ ಬಂದೆ, ಚೆನ್ನಾಗಿಯೇ ಇದ್ದೇನೆ. ವಾಸು ಕೆ.ಆರ್. ಪುರದ ಕಡೆ ಮನೆ ಮಾಡಿದ. ಹೋದ ತಿಂಗಳು ನಮ್ಮ ಗೃಹಪ್ರವೇಶದ ಕಾರ್ಡ್ ಕೊಡಲು ಅಲ್ಲಿಗೆ ಹೋಗಿದ್ದೆ. ಒಳಗೆ ಅವನ ಮಗಳು ಕಾಲೇಜಿನ ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದಳು. ಹಾಡಿನಲ್ಲಿ ಥೇಟ್ ಅಪ್ಪನ ಹಳೆಯ ನಿಧಾನ. ಎದುರಿಗೆ ಕೂತು ವಾಸು ತೊಡೆಯ ಮೇಲೆ ತಾಳ ಬಡಿಯುತ್ತಿದ್ದ, ಅವಳ ಹಾಡಿಗಿಂತ ಮುಂದೆ, ಇನ್ನೂ ಮುಂದೆ.

"ಅಪ್ಪಾ, ಇಷ್ಟು ಓಡಿಸಿದ್ರೆ ಉಸಿರೇ ಸಿಗಲ್ಲ," ಅಂದಳು ಹುಡುಗಿ.

"ಸಿಗತ್ತೆ. ಅಭ್ಯಾಸ ಆಗ್ಬೇಕು," ಎಂದು ನನ್ನ ಕಡೆ ತಿರುಗಿದ. "ಇವಳಿಗೂ ನನ್ನ ರೋಗಾನೇ ಬಂದಿದೆ ನೋಡು ಮಂಜ. ಅವತ್ತು ಎಲ್ರೂ ನಕ್ಕು ಹೋದ್ರು. ನಿಜ ಹೇಳಿದ್ದು ನೀನೊಬ್ನೇ."

ಕಾಫಿ ಕೊಟ್ಟರು, ಕುಡಿದೆ. ಕಾರ್ಡ್ ಕೊಟ್ಟೆ. ಕುಟುಂಬ ಸಮೇತ ಬರಬೇಕು ಎಂದೆ. ಬೀದಿಗೆ ಬಂದು ಸ್ಕೂಟರ್ ಹತ್ತಿದ ಮೇಲೂ ಅವಳ ಹಾಡು ಕೇಳುತ್ತಿತ್ತು, ಅಪ್ಪನ ತಾಳಕ್ಕೆ ಸಿಕ್ಕಿ ಏದುಸಿರು ಬಿಡುತ್ತಿತ್ತು. ನನಗೆ ಅಳು ಬರಲಿಲ್ಲ. ಏನೂ ಆಗಲಿಲ್ಲ. ಅಂಗಡಿಗೆ ಹೋಗಿ ಎಂದಿನಂತೆ ವ್ಯಾಪಾರ ಮಾಡಿದೆ. ಅದನ್ನೂ ಇಲ್ಲಿ ಹೇಳಿಬಿಡಬೇಕು.

ಬರುವ ಭಾನುವಾರ ಮತ್ತೆ ಹೋಗುತ್ತೇನೆ, ಹುಡುಗಿ ಹಾಡಲು ಕೂರುವ ಹೊತ್ತಿಗೇ. ವಾಸು ಒಬ್ಬನಿಗೇ ಹೇಳಿದರೆ ಪ್ರಯೋಜನವಿಲ್ಲ. ನನ್ನ ಮಾನ ಉಳಿಸಲು ಅವನು ಅವಳಿಗೆ ಹೇಳದೇ ಇದ್ದುಬಿಡಬಹುದು, ಅಂಥವನು ಅವನು. ಅವಳ ಎದುರಿಗೇ ಹೇಳಬೇಕು. ಅವಳ ಅಪ್ಪ ಹಾಡಿದ್ದು ಸರಿಯಾಗಿತ್ತು ಎಂದು, ಅದನ್ನು ಕೆಡಿಸಿದ್ದು ಯಾರು ಎಂದು. ಅವನು ಬಾಗಿಲು ತೋರಿಸಿದರೆ ಎದ್ದು ಬರುತ್ತೇನೆ. ತೋರಿಸದೆ, ಕೂತ್ಕೋ ಮಂಜ ಎಂದರೆ —

ಆಗ ಏನು ಮಾಡಬೇಕೋ ನನಗೆ ತಿಳಿಯದು.