ರೇಂಜ್ ಸಿಗುವ ಜಾಗ

ಕಾಕಾನ ಎರಡು ಕೈ ಎರಡು ಬಣ್ಣ. ಬಲಗೈ ಮೊಣಕೈಯಿಂದ ಬೆರಳಿನ ತನಕ ಸುಟ್ಟ ಬದನೆಕಾಯಿಯ ಹಾಗೆ ಕಪ್ಪು. ಎಡಗೈ ಗೋಧಿ ಬಣ್ಣದ್ದು. ಸರ್ವಿಸ್ ಮುಗಿಯುವವರೆಗೂ ಸರ್ಕಾರಿ ಬಸ್ಸಿನ ಕಿಟಕಿಯ ಮೇಲೆ ಬಲಮೊಣಕೈ ಊರಿ ಕೂತಿದ್ದರ ಗುರುತು ಅದು. ನಾನು ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದ ಹೊಸದರಲ್ಲಿ, ಬಾಜೂ ಮನೆಯ ಕಟ್ಟೆಯ ಮೇಲೆ ಅವರು ಬಸಿಗೆ ಚಹಾ ಸುರಿದುಕೊಂಡು ಕುಡಿಯುವುದನ್ನು ನೋಡಿ, ಬಸಿ ಹಿಡಿದ ಕೈ ಒಬ್ಬರದು, ಲೋಟ ಹಿಡಿದದ್ದು ಇನ್ನೊಬ್ಬರದು ಅನ್ನಿಸಿತ್ತು. ನಾನು ನೋಡುವುದನ್ನು ಕಂಡು ನಕ್ಕರು.

“ಇದು ಡ್ಯೂಟಿ ಕೈ, ಇದು ಮನಿ ಕೈ ಯವ್ವಾ. ಮನಿ ಕೈಗೆ ಕೆಲಸ ಕಡಿಮಿ.”

ಮನೆ ಕೈಗೆ ಕೆಲಸ ಬಂದದ್ದು ರಿಟೈರ್ ಆದಮೇಲೆ. ಅವರ ಹೆಂಡತಿ ಕಾಕುಗೆ ಮರೆವು ಸುರುವಾಯಿತು. ಮೊದಲು ಬ್ಯಾಳಿಗೆ ಎರಡೆರಡು ಸಲ ಉಪ್ಪು ಬಿತ್ತು. ಆಮೇಲೆ ಮಗಳ ಹೆಸರು ಹೋಯಿತು, ಆಮೇಲೆ ತನ್ನ ಮನೆಯೇ ತನ್ನದಲ್ಲವಾಯಿತು. ಸಂಜೆಯಾದರೆ ಕೈಚೀಲ ಹಿಡಿದು “ಬಸ್ ಬಿಡೂ ಹೊತ್ತಾತು” ಅಂತ ಹೊರಡುವರು. ಹೊಸ ಮದುವೆಯಲ್ಲಿ ತವರೂರು ನಾಲತವಾಡಕ್ಕೆ ಅವರು ಹೋಗುತ್ತಿದ್ದದ್ದು ಕಾಕಾನ ಬಸ್ಸಿನಲ್ಲೇ, ಡ್ರೈವರ್ ಹಿಂದಿನ ಕಿಟಕಿ ಸೀಟಿನಲ್ಲಿ. ಎಲ್ಲ ಅಳಿಸಿದ ಮೇಲೂ ಅದೊಂದು ಸೀಟು ಅವರ ತಲೆಯಲ್ಲಿ ಉಳಿದಿತ್ತು.

ಸೋಲಾಪುರದ ಮಗಳು ಒಮ್ಮೆ ತಾಯಿಯನ್ನು ತನ್ನ ಮನೆಗೆ ಕರೆದೊಯ್ದಳು. ಮೂರನೇ ಮಹಡಿ, ಬಾಗಿಲಿಗೆ ಕಬ್ಬಿಣದ ಜಾಳಿಗೆ. ಕಾಕು ಆ ಜಾಳಿಗೆ ಹಿಡಿದುಕೊಂಡು “ಇಳಸ್ರೀ, ನನ್ನ ಸ್ಟಾಪ್ ದಾಟಿ ಹೋತು” ಅಂತ ಬೆಳಗಿನಿಂದ ಸಂಜೆವರೆಗೆ ಅತ್ತರಂತೆ. ಕಾಕಾ ಹೋಗಿ ಕರೆತಂದರು. ಬರುವಾಗ ಬಸ್ಸಿನಲ್ಲಿ ಕಾಕು ಕಿಟಕಿಗೆ ತಲೆ ಆನಿಸಿಕೊಂಡು, ಒಂದು ಮಾತಾಡದೆ, ಹಸುಗೂಸಿನ ಹಾಗೆ ಬಂದರು. ಮರುವಾರ ಕಾಕಾ ಸಾಲಿ ಮಕ್ಕಳನ್ನು ಒಯ್ಯುತ್ತಿದ್ದ ಒಂದು ಹಳೇ ವ್ಯಾನ್ ಕೊಂಡು ತಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿದರು.

ಆ ವ್ಯಾನನ್ನು ಅವರು ಮನೆ ಮಾಡಿದ ಪರಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಹಿಂದೆ ಒಂದು ಮಂಚ, ಕೆಳಗೆ ನೀರಿನ ಕ್ಯಾನು, ಮೂಲೆಯಲ್ಲಿ ಸಣ್ಣ ಗ್ಯಾಸ್ ಒಲೆ, ಮೇಲೆ ಸೋಲಾರ್ ಪ್ಲೇಟು. ಅದರಿಂದ ಒಂದು ಫ್ಯಾನು ತಿರುಗಬೇಕು, ಮೊಬೈಲು ಚಾರ್ಜ್ ಆಗಬೇಕು, ಅಷ್ಟೇ. ಡ್ರೈವರ್ ಹಿಂದಿನ ಕಿಟಕಿ ಸೀಟನ್ನು ಮಾತ್ರ ಕೀಳಲಿಲ್ಲ. ಕಾಕು ಬುದ್ಧಿ ನೆಟ್ಟಗಿದ್ದಾಗ ಹೊಲಿದ ಒಂದು ಕೌದಿ ಚೀಲವನ್ನು ಕಿಟಕಿಯ ಮೇಲಿನ ಮೊಳೆಗೆ ಕಟ್ಟಿದ್ದರು. ಮೊಬೈಲಿನ ಜಾಗ ಅದು. ಎತ್ತರದಲ್ಲಿದ್ದರೆ ಒಂದು ಕಡ್ಡಿ ರೇಂಜ್ ಹೆಚ್ಚು ಸಿಗುತ್ತದೆ ಅಂತ.

ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿ, ಇಂಡಿ. ತಾವು ಬಸ್ ಬಿಟ್ಟ ದಾರಿಗಳಲ್ಲೇ ತಿರುಗುವರು. ಕಾಕು “ರೈಟ್” ಅನ್ನದೆ ಗಾಡಿ ಬಿಡುತ್ತಿರಲಿಲ್ಲ. ಸ್ಟೇರಿಂಗ್ ಹಿಡಿದು, ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡುತ್ತ ಕಾಯುವರು. ಕೆಲವು ಸಲ ಆ ಮಾತು ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ನಮ್ಮ ಮನೆಯವರು ಚಾಷ್ಟಿ ಮಾಡಿ ನಕ್ಕರೆ, “ಕಂಡಕ್ಟರ್ ಹೇಳದ ಬಿಟ್ರ ಮೆಮೊ ಕೊಡ್ತಾರಪಾ” ಅನ್ನುವರು.

ತೊಂದರೆ ಎದ್ದದ್ದು ಮೊಬೈಲಿನಿಂದ. ಪೆನ್ಶನ್ ಖಾತೆಗೆ ಎಂದೋ ತಮ್ಮ ನಂಬರಿನ ಜೊತೆ ಮಗಳ ನಂಬರನ್ನೂ ಕೊಟ್ಟಿದ್ದರು. ಕಾಕಾ ಎಲ್ಲಿ ಫೋನಿನಿಂದ ದುಡ್ಡು ಕೊಟ್ಟರೂ ಅಂಗಡಿಯ ಹೆಸರಿನ ಸಮೇತ ಮೆಸೇಜು ಸೋಲಾಪುರಕ್ಕೆ ಹೋಗುತ್ತಿತ್ತು. ಗಾಡಿ ಪಂಪು ದಾಟುವ ಮೊದಲೇ ಮಗಳ ಫೋನು.

“ಅಪ್ಪಾ, ಸಿಂದಗ್ಯಾಗ ಡೀಸೆಲ್ ಹಾಕಸೀರಿ. ಈ ಬಿಸಲಾಗ ಅವ್ವನ್ನ ಎಲ್ಲಿ ತಿರಗಸಾಕತ್ತೀರಿ?”

ಅವಳ ನಂಬರು ತೆಗೆಸಿ ಅಂದೆ ನಾನು. “ಬ್ಯಾಡವ್ವಾ. ಅಪ್ಪ ನನ್ನ ನಂಬರು ತಗಸಿದ ಅಂತ ಆಕಿ ಮನಸಿಗೆ ಹಚ್ಕೋತಾಳ. ಅಂಜಿಕಿಗೆ ಒದರತಾಳ, ಸಿಟ್ಟಿಗಲ್ಲ.” ಅಂದಿನಿಂದ ನಗದು ಹಿಡಿದು ಓಡಾಡಿದರು.

ಆದರೆ ನಗದಿಗೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಒಮ್ಮೆ ಕೈಯಲ್ಲಿ ಸಾಲದೆ ನಮ್ಮೂರಿನ ಔಷಧ ಅಂಗಡಿಯಲ್ಲಿ ಫೋನಿನಿಂದಲೇ ಕೊಟ್ಟಿದ್ದರು. ನಾನೂ ಅಲ್ಲಿದ್ದೆ. ಗಲ್ಲೆಯ ಮೇಲಿನ ಡಬ್ಬಿ ಬಂದ ಮೊತ್ತವನ್ನು ಇಡೀ ಅಂಗಡಿಗೆ ಕೇಳುವ ಹಾಗೆ ಒದರಿತು. ಹಿಂದೆ ನಿಂತಿದ್ದ ಪರಿಚಯದವರೊಬ್ಬರು, “ಏನ್ರಿ ಡ್ರೈವರ್ ಸಾಹೇಬ್ರ, ಇಡೀ ಅಂಗಡೀನ ಹೊತ್ಕೊಂಡು ಹೊಂಟೀರೇನು?” ಅಂತ ನಗುತ್ತ ಚೀಲದೊಳಗೆ ಇಣುಕಿದರು. ಚೀಲದಲ್ಲಿದ್ದದ್ದು ದೊಡ್ಡವರಿಗೆ ಕಟ್ಟುವ ಡೈಪರ್. ನಗು ಅಲ್ಲೇ ನಿಂತಿತು. ಕಾಕಾ ಚೀಲದ ಬಾಯಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಚಪ್ಪಲಿ ಹುಡುಕುವ ನೆವದಲ್ಲಿ ಬಗ್ಗಿದರು.

ಆ ಸಂಜೆ ಕಟ್ಟೆಯ ಮೇಲೆ ಕೂತು ಹೇಳಿದರು: “ಆಕಿ ತನ್ನ ಒಳಬಟ್ಟಿ ಅಂಗಳದಾಗ ಒಣ ಹಾಕಿದಾಕಿ ಅಲ್ಲ. ಸೀರಿ ಕೆಳಗ ಮುಚ್ಚಿ ಹಾಕ್ತಿದ್ಲು. ಈಗ ಆಕಿಗೆ ಹೇಳಾಕ ಬರೂದಿಲ್ಲ. ಆಕಿ ಪರವಾಗಿ ನಾನ ಮುಚ್ಚಬೇಕು.”

ಅವರು ಮುಚ್ಚಿದ ರೀತಿ ಡ್ರೈವರನಿಗೆ ಮಾತ್ರ ಹೊಳೆಯುವಂಥದ್ದು. ನಿದ್ದೆ ಗುಳಿಗೆ ಸಿಂದಗಿಯಲ್ಲಿ, ಡೈಪರ್ ಇಂಡಿಯಲ್ಲಿ, ಮರೆವಿನ ಔಷಧ ಬಾಗೇವಾಡಿಯಲ್ಲಿ, ಬೆನ್ನಿನ ಹುಣ್ಣಿನ ಮುಲಾಮು ನಮ್ಮೂರಲ್ಲಿ. ಎಲ್ಲವೂ ನಗದು. ಯಾವ ಅಂಗಡಿಯವನಿಗೂ ಕಾಕುನ ಪೂರ್ತಿ ಕತೆ ತಿಳಿಯಬಾರದು. ಗೊತ್ತಿದ್ದದ್ದು ನನಗೊಬ್ಬಳಿಗೆ. ಅದೂ ಯಾಕೆಂದರೆ, ಡಾಕ್ಟರು ಔಷಧದ ಹೆಸರು ಬರೆದ ಇಂಗ್ಲಿಷ್ ಮೆಸೇಜು ಬಂದಾಗ ಕಾಕಾ ಫೋನು ತಂದು ನನ್ನ ಕೈಗಿಡುತ್ತಿದ್ದರು. ಮೊದಲ ಸಲ ನಾನದನ್ನು ಬೋರಲು ಇಟ್ಟೆ. ಇನ್ನೊಬ್ಬರ ಕಾಗದ ಕೈಗೆ ಬಂದರೆ ತಿರುಗಿಸಿಡಬೇಕು ಅಂತ ಕಾನ್ವೆಂಟಿನಲ್ಲಿ ಸಿಸ್ಟರ್ ಹಚ್ಚಿದ ರೂಢಿ. ಕಾಕಾ ಅದನ್ನು ಗಮನಿಸಿದ್ದರು. “ಓದವ್ವಾ. ತಿರಗಿಸಿ ಇಡಾಕಿ ಅಂತನ ನಿನಗ ಕೊಟ್ಟೇನಿ” ಅಂದರು.

ಹಾಗೆ ನಂಬಿಯೇ ಒಂದು ದಿನ ಇನ್ನೊಂದು ಕೆಲಸವನ್ನೂ ಒಪ್ಪಿಸಿದರು. ಅವರಿಗೆ ಎದೆ ಆಗಾಗ ಹಿಡಿದುಕೊಳ್ಳುತ್ತಿತ್ತು. ಡಾಕ್ಟರಿಗೆ ತೋರಿಸಿ ಬಂದಿದ್ದರು.

“ನನಗೇನರ ಆದ್ರ ನನ್ನ ಚಿಂತಿ ಇಲ್ಲ. ಆಕಿಗೆ ಬಾಗಲಾ ತಗಿಯಾಕ ಬರೂದಿಲ್ಲ, ಮಂದೀನ ಕರಿಯಾಕ ಬರೂದಿಲ್ಲ. ಕುಂತ ಸೀಟಿನ್ಯಾಗ ಕುಂತಿರ್ತಾಳ, ಬಿಸಲಾಗ. ನಾ ಗಾಡಿ ಬಿಡೂ ಮುಂದ ಈ ನಕ್ಷಾದಾಗ ನಾ ಎಲ್ಲದೇನಿ ಅನ್ನೂದು ನಿನಗ ಕಾಣೂ ಹಂಗ ಕಳಸ್ತೇನಿ. ನೋಡು, ಯಾರಿಗೂ ಹೇಳಬ್ಯಾಡ. ಗಾಡಿ ನಿಂತು ನಾ ಫೋನ್ ಎತ್ತದಿದ್ರ, ಆವಾಗ ಎಲ್ಲಾರಿಗೂ ಹೇಳು.”

ಮುಂದೆ ಬೆಳಗಿನ ರೊಟ್ಟಿ ಬಡಿಯುವಾಗ ನನ್ನ ಫೋನು ಹಿಟ್ಟಿನ ಡಬ್ಬಿಗೆ ಆನಿಸಿ ನಿಂತಿರುತ್ತಿತ್ತು. ನಕ್ಷೆಯ ಮೇಲೆ ಒಂದು ಚುಕ್ಕೆ ತೆವಳುತ್ತಿತ್ತು. ಸಂಜೆ ಗಾಡಿ ನಿಂತಾಗ, ಬಸ್ ನಿಲ್ಲಿಸಲು ಕಂಡಕ್ಟರ್ ಕೂಗುವ ಒಂದೇ ಶಬ್ದದ ಮೆಸೇಜು: ಹೋಲ್ಡಾನ್. ಅತ್ತಿಗೆಯ ಸಲಿಗೆಯಿಂದ ಮಗಳು ನನಗೂ ಫೋನು ಮಾಡಿ ಎಲ್ಲಿದ್ದಾರೆ ಅಂತ ಕೇಳುವಳು. ಆರಾಮದಾರ ಅನ್ನುವೆ. “ಆರಾಮದಾರ ಅನ್ನೂದು ಊರಿನ ಹೆಸರಲ್ಲ ವೈನಿ” ಅನ್ನುವಳು. ಆ ಮಾತು ಚುಚ್ಚುತ್ತಿತ್ತು, ಆದರೂ ಹೇಳಲಿಲ್ಲ.

ಸುರುವಿನಲ್ಲೇ ಒಮ್ಮೆ ದೇವಣಗಾಂವದ ಆಚೆ, ಹೊಳೆ ದಂಡೆಯ ಹತ್ತಿರ, ಚುಕ್ಕೆ ನಿಂತುಬಿಟ್ಟಿತು. ಫೋನು ಹಚ್ಚಿದರೆ ವ್ಯಾಪ್ತಿಯ ಹೊರಗೆ ಅನ್ನುವ ಹೆಣ್ಣುದನಿ. ಹಂಚಿನ ಮೇಲೆ ರೊಟ್ಟಿ ಹೊತ್ತಿತು. ನಮ್ಮ ಮನೆಯವರನ್ನು ಎಬ್ಬಿಸಿ, ಸಿಂದಗಿಯ ಪರಿಚಯದವರಿಗೆ ಹೇಳಬೇಕು ಅನ್ನುವಷ್ಟರಲ್ಲಿ ಚುಕ್ಕೆ ತಾನೇ ಜಿಗಿದು ಮುಂದೆ ಹೋಯಿತು. ಮರಳಿ ಬಂದಾಗ ಕಾಕಾ ಬಹಳ ನಕ್ಕರು.

“ಅಲ್ಲಿ ರೇಂಜ್ ಇರೂದಿಲ್ಲ ಯವ್ವಾ, ಗಾಡಿ ಓಡತಿರ್ತೈತಿ. ನಾಲತವಾಡ ದಾರ್ಯಾಗ ಹಳ್ಳದ ತಗ್ಗಿನ್ಯಾಗೂ ಹಂಗ.” ಆಮೇಲೆ ನಗು ಬಿಟ್ಟು ಹೇಳಿದರು: “ರೇಂಜ್ ಇಲ್ಲದಲ್ಲಿ ನಾ ಚಹಾಕ್ಕೂ ನಿಲ್ಲಸೂದಿಲ್ಲ. ನಿಂತ್ರ ರೇಂಜ್ ಇದ್ದಲ್ಲೇ ನಿಲ್ತೇನಿ. ಅದನ್ನ ನೆನಪಿಡು.”

ಆ ದಿನ ಅವರು ನಾಲತವಾಡಕ್ಕೆ ಹೊರಟಿದ್ದರು. ಕಾಕುಗೆ ಅಂದು ಹಸಿರು ಇಳಕಲ್ ಸೀರೆ ಉಡಿಸಿದ್ದರು. ನೆರಿಗೆ ಓರೆಯಾಗಿದ್ದದ್ದನ್ನು ನಾನು ಬಾಗಿಲಲ್ಲೇ ಸರಿಮಾಡಿದೆ. “ಡ್ರೈವರ್‌ಗೆ ಸ್ಟೇರಿಂಗ್ ತಿರುವಾಕ ಬರತೈತಿ, ನಿರಿಗಿ ಹಿಡಿಯಾಕ ಬರೂದಿಲ್ಲ” ಅಂದರು ಕಾಕಾ. ಕಾಕು “ರೈಟ್” ಅಂದರು. ಹೋದರು.

ಹಳ್ಳದ ತಗ್ಗಿನ ಹತ್ತಿರ ಚುಕ್ಕೆ ನಿಂತಿತು. ನಾನು ಗಾಬರಿಯಾಗಲಿಲ್ಲ, ಆ ಜಾಗ ಹೇಳಿದ್ದರಲ್ಲ. ಸ್ವಲ್ಪ ಹೊತ್ತಿಗೆ ಚುಕ್ಕೆ ಜಿಗಿಯಿತು, ಏರು ಹತ್ತಿ ಮೇಲೆ ಬಂತು. ಅಲ್ಲಿ ಮತ್ತೆ ನಿಂತಿತು. ಫೋನು ಹಚ್ಚಿದೆ. ಈ ಸಲ ಆ ಹೆಣ್ಣುದನಿ ಬರಲಿಲ್ಲ. ಫೋನು ಚೆನ್ನಾಗಿ, ಪೂರ್ತಿಯಾಗಿ ರಿಂಗ್ ಆಯಿತು. ಇನ್ನೊಮ್ಮೆ ಹಚ್ಚಿದೆ. ಇನ್ನೊಮ್ಮೆಯೂ ರಿಂಗ್ ಆಯಿತು. ಹಂಚು ಇಳಿಸಿ ಒಲೆ ಆರಿಸಿದೆ.

ಆಂಬುಲೆನ್ಸಿಗೆ ಜಾಗ ಹೇಳಿ, ಮಗಳಿಗೆ ಹೇಳಿ, ಹಿಟ್ಟಿನ ಕೈಯಲ್ಲೇ ನಮ್ಮ ಮನೆಯವರ ಜೊತೆ ಕಾರು ಹತ್ತಿದೆ. ಗಾಡಿ ರಸ್ತೆಯ ಎಡಕ್ಕೆ, ಒಂದು ಜಾಲಿ ಗಿಡದ ನೆರಳಿಗೆ ನಿಂತಿತ್ತು. ಹ್ಯಾಂಡ್ ಬ್ರೇಕ್ ಎಳೆದಿತ್ತು. ಇಂಡಿಕೇಟರ್ ಮಿಣುಕುತ್ತಿತ್ತು. ಕಾಕುನ ಕಡೆಯ ಕಿಟಕಿ ಗಾಜು ಪೂರ್ತಿ ಇಳಿದಿತ್ತು. ಕಾಕಾ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು, ಅದರ ಮೇಲೆ ಹಣೆ ಇಟ್ಟಿದ್ದರು. ಸ್ಟೇರಿಂಗಿಗೆ ಸುತ್ತಿದ ಬಟ್ಟೆ ಬೆವರಿಗೆ ಹಿಂಡುವಷ್ಟು ಒದ್ದೆಯಾಗಿತ್ತು. ನೋವು ಬಂದದ್ದು ತಗ್ಗಿನಲ್ಲಿ. ಅಲ್ಲೇ ನಿಲ್ಲಿಸಿದ್ದರೆ ನಾನು ರೇಂಜ್ ಇಲ್ಲ ಅಂದುಕೊಂಡು ರೊಟ್ಟಿ ಬಡಿಯುತ್ತ ಇರುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು. ಅದಕ್ಕೇ ಆ ಏರು ಹತ್ತಿಸಿದರು.

ಕಾಕು ಸೀಟಿನಲ್ಲಿ ನೆಟ್ಟಗೆ ಕೂತಿದ್ದರು. ನನ್ನನ್ನು ನೋಡಿ, “ರೈಟ್ ಹೇಳಿ ಎಷ್ಟೊತ್ತಾತು. ಯಾಕ ಬಿಡವಲ್ರು, ಕೇಳ್ರಿ” ಅಂದರು.

ಆಂಬುಲೆನ್ಸಿನವರು ನಾಡಿ ನೋಡಿ, ಉಸಿರು ಹೋಗಿದೆ ಅಂತ ತಲೆ ಅಲ್ಲಾಡಿಸಿ, ಕಾಕಾನನ್ನು ಇಳಿಸಿಕೊಂಡರು. ಕಾಕು ಮಾತ್ರ ಇಳಿಯಲೊಲ್ಲರು. ಕೊನೆಗೆ ನಮ್ಮ ಮನೆಯವರೇ ಆ ಒದ್ದೆ ಬಟ್ಟೆಯ ಸ್ಟೇರಿಂಗ್ ಹಿಡಿದು ಕೂತರು, ಕನ್ನಡಿ ನೋಡಿದರು, ಕಾದರು. “ರೈಟ್” ಅಂದರು ಕಾಕು. ಆಂಬುಲೆನ್ಸಿನ ಹಿಂದೆ ನಾವು ಮೆಲ್ಲಗೆ ಊರಿಗೆ ಮರಳಿದೆವು. ಕಾಕುನ ಕೈ ನನ್ನ ಕೈಯಲ್ಲಿತ್ತು. ಅರ್ಧ ದಾರಿಯಲ್ಲಿ ನನ್ನ ಕಿವಿಯಲ್ಲಿ ಹೇಳಿದರು, “ಇವತ್ತ ನಮ್ಮವರು ಭಾಳ ಮೆತ್ತಗ ಬಿಡಾಕತ್ತಾರ.” ನಮ್ಮ ಮನೆಯವರ ಭುಜ ಅಲುಗುವುದು ನನಗೆ ಹಿಂದಿನಿಂದ ಕಾಣುತ್ತಿತ್ತು.

ಮನೆಯಲ್ಲಿ ಕಾಕಾನನ್ನು ಮಲಗಿಸಿದಾಗ ಕಾಕು ಹತ್ತಿರ ಬಂದು ಕೂತರು. ಮುಖದ ಗುರುತು ಹತ್ತಲಿಲ್ಲ. ಆ ಕಪ್ಪು ಬಲಗೈಯನ್ನು ತೊಡೆಯ ಮೇಲೆ ಎಳೆದುಕೊಂಡು ಸವರಿದರು. “ಯಾರದೋ ಏನೋ. ಬಿಸಲಿಗೆ ಹೆಂಗ ಸುಟ್ಟೈತಿ ನೋಡ್ರಿ. ಒಂದೀಟು ಕೊಬ್ಬರಿ ಎಣ್ಣಿ ಹಚ್ಚರಿ” ಅಂದರು. ಸೋಲಾಪುರದಿಂದ ಆಗಷ್ಟೇ ಬಂದಿಳಿದಿದ್ದ ಮಗಳು ಎಣ್ಣೆ ತಂದು ಕೊಟ್ಟಳು. ಕಾಕು ಹಚ್ಚಿದರು.

ಆಮೇಲೆ ಮಗಳಿಗೆ ನಾನು ಎಲ್ಲ ಹೇಳಿದೆ. ಯಾವ ಊರಲ್ಲಿ ಯಾವ ಔಷಧ, ಏಕೆ ನಗದು. “ನನಗರ ಹೇಳಬಾರದಿತ್ತೇನ ವೈನಿ?” ಅಂತ ಅತ್ತಳು. ಕಾಕಾ ನನಗೆ ಕೊಟ್ಟದ್ದು ಮುಚ್ಚಿಡಲಿಕ್ಕೆ, ವಾದಿಸಲಿಕ್ಕಲ್ಲ.

ಅವಳು ವ್ಯಾನು ಮಾರಲಿಲ್ಲ, ಅದರಲ್ಲೇ ತಾಯಿಯನ್ನು ಸೋಲಾಪುರಕ್ಕೆ ಕರೆಸಿಕೊಂಡಳು. ಈಗ ಮೂರನೇ ಮಹಡಿ ಬಿಟ್ಟು ನೆಲಮಹಡಿಯ ಮನೆ ಹಿಡಿದಿದ್ದಾಳೆ, ಗಾಡಿ ಕಲಿತಿದ್ದಾಳೆ. ಮೊನ್ನೆ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು: “ಸೋಲಾಪುರ ದೊಡ್ಡ ಊರು ವೈನಿ. ಒಂದೊಂದು ಸಾಮಾನು ಒಂದೊಂದು ಪ್ಯಾಟ್ಯಾಗ ತಗೋತೇನಿ. ನಗದು ಕೊಟ್ಟು.”

ಹಿಟ್ಟಿನ ಡಬ್ಬಿಗೆ ಫೋನು ಆನಿಸಿಡುವ ರೂಢಿ ನನ್ನಿಂದ ಹೋಗಿಲ್ಲ. ಎಷ್ಟೋ ಸಂಜೆ ಅದರಲ್ಲಿ ಸೋಲಾಪುರದ ಕೆರೆಯ ಸುತ್ತ ಒಂದು ಚುಕ್ಕೆ ಮೆಲ್ಲಗೆ ತಿರುಗುತ್ತದೆ. ತಿರುಗಿ ಮುಗಿದ ಮೇಲೆ ಮಗಳು ‘ಮನೆ ಸೇರಿದೆವು’ ಅಂತ ಬರೆಯುತ್ತಾಳೆ. ಕಾಕಾನ ಶಬ್ದ ನಾನು ಅವಳಿಗೆ ಹೇಳಿಕೊಟ್ಟಿಲ್ಲ. ಆ ದಿನದ ಹೋಲ್ಡಾನ್ ನನಗೆ ಇನ್ನೂ ಬರಬೇಕಾಗಿದೆ.