ತೊಳೆದ ಸೀರೆ

ಅವ್ವ ಹೋದ ಮೇಲೆ ನಮ್ಮ ಮನೆಯಲ್ಲಿ ಮಾತೇ ನಿಂತುಹೋಯಿತು. ಅಪ್ಪ ಮೊದಲಿನಿಂದಲೂ ತುಟಿ ಬಿಚ್ಚುವವನಲ್ಲ. ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯಲ್ಲಿ ಇಡೀ ಪಾಳಿ ಮಷೀನಿನ ಸದ್ದಿನ ನಡುವೆ ನಿಂತು ಬಂದವನಿಗೆ ಮನೆಯಲ್ಲಿ ಯಾರೂ ಮಾತಾಡದಿದ್ದರೇ ಸುಖ. ಅವ್ವ ಇದ್ದಾಗ ಅವನ ಪಾಲಿನ ಮಾತನ್ನೂ ಅವಳೇ ಆಡಿಬಿಡುತ್ತಿದ್ದಳು, ಹಾಗಾಗಿ ನಮಗದು ಗೊತ್ತಾಗಿರಲಿಲ್ಲ. ಈಗ ಅಪ್ಪ ಕಂಪನಿ ಬಸ್ಸಿನಿಂದ ಇಳಿದು ಬಂದರೆ ನಾನು ತಟ್ಟೆ ಇಡುತ್ತಿದ್ದೆ, ಅವನು ಉಂಡು ಟಿವಿ ಹಚ್ಚುತ್ತಿದ್ದ. ಅವ್ವನ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ನನಗಾಗ ಹದಿನೇಳು ವರ್ಷ, ಮೂಗಿನ ತುದಿಯಲ್ಲೇ ಕೋಪ. ಅವ್ವ ಸತ್ತದ್ದು ಅಪ್ಪನಿಗೆ ತಟ್ಟಿಯೇ ಇಲ್ಲ ಎಂದು ನಾನೇ ತೀರ್ಮಾನ ಮಾಡಿ ಕೂತಿದ್ದೆ.

ಅವ್ವನ ಕಾರ್ಯ ಮುಗಿದ ದಿನ ಊರಿಂದ ಬಂದಿದ್ದ ಸೋದರತ್ತೆ, ಚಿಗವ್ವಂದಿರು ಅವಳ ಸೀರೆಗಳನ್ನು ಹಂಚಿಕೊಂಡರು. ನಮ್ಮ ಕಲಬುರಗಿ ಕಡೆ ಹಾಗೆಯೇ ಮಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ರೇಷ್ಮೆಯದು ಯಾರಿಗೆ, ಇಳಕಲ್ಲಿನದು ಯಾರಿಗೆ ಎಂದು ಅವರು ಮಂಚದ ಮೇಲೆ ಹರವಿಕೊಂಡು ನೋಡುತ್ತಿದ್ದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಯಾರ ಕಣ್ಣಿಗೂ ಬೀಳದ ಒಂದು ಸೀರೆ ಬಚ್ಚಲ ಹಗ್ಗದ ಮೇಲೆ ಉಳಿದಿತ್ತು. ಹಸಿರು ಬಣ್ಣದ ಕಾಟನ್ ಸೀರೆ, ಅಂಚು ಪಿಸಿದು ಎಳೆ ಬಿಟ್ಟಿತ್ತು. ದವಾಖಾನೆಗೆ ಹೊರಡುವ ಬೆಳಿಗ್ಗೆ ಅವ್ವ ಅದನ್ನು ಬಿಚ್ಚಿ ಅಲ್ಲಿ ಹಾಕಿ ಹೋಗಿದ್ದಳು. ಬಂದು ಒಗೆಯುತ್ತೇನೆ ಎಂದಿದ್ದಳು.

ಆ ಸೀರೆಯನ್ನು ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿಗೆ ರಬ್ಬರ್ ಸುತ್ತಿ ಮಂಚದ ಕೆಳಗಿನ ಟ್ರಂಕಿನ ತಳದಲ್ಲಿ ಇಟ್ಟೆ. ಸತ್ತವರ ಮೈಮೇಲಿನ ಅರಿವೆಯನ್ನು ತೊಳೆಯದೆ ಇಟ್ಟುಕೊಳ್ಳಬಾರದು ಎಂದು ಗೊತ್ತಿದ್ದೇ ಇಟ್ಟೆ. ಅದರಲ್ಲಿ ಅವ್ವ ರೊಟ್ಟಿ ಬಡಿಯುವಾಗಿನ ಜೋಳದ ಹಿಟ್ಟಿನ ವಾಸನೆ ಇತ್ತು, ತಲೆಯ ಕೊಬ್ಬರಿ ಎಣ್ಣೆಯದಿತ್ತು, ತಲೆಶೂಲೆಗೆ ಹಚ್ಚಿಕೊಳ್ಳುತ್ತಿದ್ದ ಮುಲಾಮಿನದಿತ್ತು, ಅವೆಲ್ಲದರ ಕೆಳಗೆ ಬರೀ ಅವಳದೇ ಒಂದಿತ್ತು. ತೆರೆದಷ್ಟೂ ಖರ್ಚಾಗಿ ಹೋಗುತ್ತದೆ ಎಂಬ ಹೆದರಿಕೆಗೆ ಭಾನುವಾರ ಬೆಳಿಗ್ಗೆ ಮಾತ್ರ ಚೀಲ ಬಿಚ್ಚಿ, ಒಳಗೆ ಮುಖ ಇಟ್ಟು, ತಕ್ಷಣ ಕಟ್ಟಿಬಿಡುತ್ತಿದ್ದೆ. ಮುಂದಿನ ಏಳು ದಿನ ಅದರ ಮೇಲೆಯೇ ಕಳೆಯುತ್ತಿದ್ದೆ.

ಮನೆಯಲ್ಲಿ ಕೂರಲಾಗದೆ ನಾನು ಹೋಗುತ್ತಿದ್ದದ್ದು ನಮ್ಮ ಭಾಗದ ಸಾರ್ವಜನಿಕ ವಾಚನಾಲಯಕ್ಕೆ. ಕೆಳಗೆ ಮುದುಕರು ಪತ್ರಿಕೆ ಓದುವ ಹಾಲ್, ಮೇಲೆ ಅಭ್ಯಾಸಿಕಾ, ಎಂದರೆ ಪರೀಕ್ಷೆಗೆ ಓದುವವರು ಬೆಳಗಾಗುವುದರೊಳಗೆ ಬಂದು ಕುರ್ಚಿ ಹಿಡಿಯುವ ಜಾಗ. ಹನ್ನೆರಡನೆಯ ಇಯತ್ತೆಯ ಓದು ಎಂಬ ನೆಪ ನನಗಿತ್ತು. ಆ ವರ್ಷ ಹೊಸದಾಗಿ ಬಂದ ಗ್ರಂಥಪಾಲ ಮ್ಯಾಡಮ್ಮಿಗೆ ಭಾನುವಾರ ಮಧ್ಯಾಹ್ನ ದೊಡ್ಡವರು, ಹರೆಯದವರು ಒಟ್ಟಿಗೆ ಕೂರುವಂಥ ಏನಾದರೂ ಮಾಡಬೇಕೆಂಬ ಹಟ. ಮುಂದೇನು ಓದಬೇಕು ಎಂಬ ಭಾಷಣ ಇಟ್ಟರು, ಬಂದದ್ದು ಭಾಷಣಕಾರರು ಮತ್ತು ಅವರ ಡ್ರೈವರ್. ಹಿರಿಯರಿಗೆ ಮೊಬೈಲ್ ಕಲಿಸುವ ತರಗತಿ ಇಟ್ಟರು, ಕಲಿಸಬೇಕಾದ ಹುಡುಗರು ತಮ್ಮ ಮೊಬೈಲಿನಲ್ಲೇ ಮುಳುಗಿದರು. ಕೊನೆಗೆ ಮ್ಯಾಡಮ್ಮಿಗೆ ಹೊಳೆದದ್ದು ಗೋಧಡಿ. ಹಳೆ ಅರಿವೆ ಕೂಡಿಸಿ ಹೊಲಿಯುವ ನಮ್ಮ ಕೌದಿಗೆ ಮರಾಠಿಯವರು ಹಾಗೆನ್ನುತ್ತಾರೆ. ಹೆಂಗಸರು ಹೊಲಿಯುವುದು, ಹುಡುಗಿಯರು ನೋಡಿ ಕಲಿಯುವುದು, ಒಬ್ಬರು ಗಟ್ಟಿಯಾಗಿ ಪುಸ್ತಕ ಓದುವುದು. ಹೊಲಿದದ್ದನ್ನು ಕೆಳಗಿನ ಹಾಲ್‌ನ ಕಲ್ಲುಬೆಂಚಿಗೆ ಹಾಸುವುದು, ಚಳಿಗಾಲದಲ್ಲಿ ಮುದುಕರಿಗೆ ಕೆಳಗಿನಿಂದ ಥಂಡಿ ಏರಬಾರದಲ್ಲ.

ಇದಕ್ಕೆ ಮಾತ್ರ ಜನ ಬಂದರು. ನಮ್ಮ ಗಲ್ಲಿಯ ಕಾಕು ಬಂದಳು. ಕಾಕು ನಮ್ಮ ಕಡೆಯವಳೇ, ಕಟ್ಟಡದ ಕೆಲಸಕ್ಕೆಂದು ಬಂದು ಪುಣೆಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು, ಅವ್ವನ ಜೊತೆಗಾತಿ. ಹಾಲ್‌ನಲ್ಲಿ ಅರಿವೆ ಹರವಿ, ನಾಲ್ಕೂ ಬದಿಗೆ ಹೆಂಗಸರು ಕೂತು, ಅಂಚಿನಿಂದ ನಡುವಿನ ಕಡೆಗೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಬರುತ್ತಿದ್ದರು. ನನ್ನ ಕೈಗೆ ಸೂಜಿ ಕೊಟ್ಟರೆ ಬೆರಳನ್ನೇ ಹೊಲಿದುಕೊಳ್ಳುತ್ತೇನೆ ಎಂದು ಕಾಕು ಹೇಳಿದ್ದರಿಂದ ಓದುವ ಕೆಲಸ ನನಗೆ ಬಂತು. ಯಾರೋ ಒಬ್ಬರು ಹಿಮಾಲಯದಲ್ಲಿ ತಿರುಗಾಡಿ ಬರೆದ ಮರಾಠಿ ಪುಸ್ತಕ. ಬರೆದವರ ಬಗ್ಗೆ ಯಾರಿಗೂ ಕಾಳಜಿ ಇರಲಿಲ್ಲ, ಎಲ್ಲರ ಜೀವ ಇದ್ದದ್ದು ಅವರ ಸಾಮಾನು ಹೊರುವ ಹೇಸರಗತ್ತೆಯ ಮೇಲೆ. ಅದಕ್ಕೆ ಮೇವು ಸಿಕ್ಕಿತೋ ಇಲ್ಲವೋ, ಬೆನ್ನಿನ ಗಾಯ ಮಾಯಿತೋ ಇಲ್ಲವೋ ಎಂದು ವಾರವಿಡೀ ದಾರಿಯಲ್ಲಿ ಸಿಕ್ಕಾಗಲೂ ಕೇಳುತ್ತಿದ್ದರು. ವಾರದಲ್ಲಿ ನಾನು ಬಾಯ್ತುಂಬ ಮಾತಾಡುತ್ತಿದ್ದದ್ದು ಅದೊಂದೇ ಹೊತ್ತು, ಅದೂ ಇನ್ನೊಬ್ಬರು ಬರೆದ ಮಾತು. ಆದರೂ ನನಗೆ ಹಿತವಾಗಿತ್ತು.

ಮೇಲಿನ ಪದರಕ್ಕೆ ಅರಿವೆ ಸಾಲದಾದಾಗ ಮನೆಯಲ್ಲಿ ಕೇಳಿ ತನ್ನಿ ಎಂದು ಮ್ಯಾಡಮ್ ಹೇಳಿದರು. ರೊಟ್ಟಿ ಬಡಿಸುತ್ತ, ಹೇಳಬೇಕಲ್ಲ ಎಂದು ಅಪ್ಪನಿಗೆ ಹೇಳಿದೆ. ಎಂಥ ಅರಿವೆ ಎಂದು ಕೇಳಿದ. ಹಳೆಯ ಮೆತ್ತಗಿನ ಕಾಟನ್ ಎಂದೆ. ಅವನು ತಲೆಯಾಡಿಸಿ ಮತ್ತೊಂದು ರೊಟ್ಟಿ ಹಾಕಿಸಿಕೊಂಡ. ಟಿವಿಯ ಕಡೆ ನೋಡುತ್ತಿದ್ದವನಿಗೆ ಅದು ಕಿವಿಗೆ ಹೋಗಿರಲಾರದು ಎಂದುಕೊಂಡು ನಾನು ಮರೆತೆ.

ಮುಂದಿನ ಭಾನುವಾರ ಬೆಳಿಗ್ಗೆ ಟ್ಯೂಷನ್ ಕ್ಲಾಸಿನಲ್ಲಿ ಪರೀಕ್ಷೆ ಇತ್ತು. ಟ್ರಂಕು ತೆಗೆಯಲು ಹೊತ್ತು ಸಿಗಲಿಲ್ಲ, ಸಂಜೆ ತೆಗೆದರಾಯಿತು ಎಂದು ಓಡಿದೆ. ಅಲ್ಲಿಂದ ನೇರ ವಾಚನಾಲಯಕ್ಕೆ ಬಂದೆ. ಕೌದಿಯ ಮೇಲ್ಪದರದಲ್ಲಿ ಹೊಸದಾಗಿ ಹಸಿರು ಚೌಕಗಳು ಕೂತಿದ್ದವು. ಒಂದು ಚೌಕದ ಅಂಚು ಪಿಸಿದಿತ್ತು. ಆದರೂ ಆ ಬಣ್ಣದ ಸೀರೆ ಊರಲ್ಲಿ ಎಷ್ಟು ಮಂದಿಯ ಮನೆಯಲ್ಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಾಕು ನನ್ನನ್ನು ಹತ್ತಿರ ಕರೆದು, ಸೂಜಿ ನಿಲ್ಲಿಸಿ, ಸಂತೋಷದಿಂದ ಹೇಳಿದಳು.

"ಗುರುವಾರ ಕಂಪನಿ ಸುಟ್ಟಿ ಇತ್ತಲ್ಲ, ನಿಮ್ಮಪ್ಪಾರು ತಾವ ಬಂದು ಕೊಟ್ಟು ಹೋಗ್ಯಾರ. ಮಗಳಿಗಿ ಅವ್ವನ ಕೈಯಾಗಿನ ಕೌದಿ ಅಂತೂ ಆಗಲಿಲ್ಲ, ಸೀರಿನರ ಇದರಾಗ ಇರಲಿ ಅಂದ್ರು. ಕುದಿಯೂ ನೀರಾಗ ಸೋಡಾ ಹಾಕಿ ಎರಡೆರಡ ಸಲ ತೊಳದೀನಿ. ಎಷ್ಟ್ ಮೆತ್ತಗಾಗ್ಯಾದ ಮುಟ್ಟಿ ನೋಡು."

ಮುಟ್ಟಿ ನೋಡಿದೆ. ಭಾಳ ಮೆತ್ತಗಾಗಿತ್ತು. ಇನ್ನೂ ಹೊಲಿಯದ ಒಂದು ತುಂಡನ್ನು ಎತ್ತಿ, ಬಣ್ಣ ನೋಡುವವಳ ಹಾಗೆ ಮುಖದ ಹತ್ತಿರ ಹಿಡಿದೆ. ಸೋಪು, ಬಿಸಿಲು, ಮತ್ತೇನಿಲ್ಲ. ಯಾರನ್ನು ಬೈಯಲಿ? ಕೌದಿಗೆ ಹಾಕುವ ಅರಿವೆಯನ್ನು ಕುದಿಸಿ ತೊಳೆದು ಬಿಸಿಲಿಗೆ ಒಣಗಿಸದೆ ನಮ್ಮ ಕಡೆಯ ಯಾವ ಹೆಂಗಸೂ ಸೂಜಿ ಮುಟ್ಟುವುದಿಲ್ಲ. ಅದರಲ್ಲೂ ಗೆಳತಿಯ ಸೀರೆ ಎಂದು ಕಾಕು ಹೆಚ್ಚು ಮುತುವರ್ಜಿಯಿಂದ ತೊಳೆದಿದ್ದಳು. ಹೆಂಗಸರು ಪುಸ್ತಕ ಶುರು ಮಾಡು ಎಂದರು. ಕೂತು ಓದಿದೆ.

ಆ ಅಧ್ಯಾಯದಲ್ಲಿ ಮಂಜು ಹೆಚ್ಚಾಗಿ, ಕಣಿವೆ ದಾಟಲಾಗದ ಹೇಸರಗತ್ತೆಯನ್ನು ಬಿಟ್ಟು ಹೋಗುತ್ತಾರೆ. ಅದು ಸ್ವಲ್ಪ ದೂರ ಹಿಂದೆ ಹಿಂದೆ ಬಂದು ನಿಂತುಬಿಡುತ್ತದೆ. ಅಲ್ಲಿಗೆ ಬಂದಾಗ ನನ್ನ ದನಿ ಒಡೆಯಿತು. ಸಾಲು ಕಾಣದಷ್ಟು ಕಣ್ಣು ತುಂಬಿತು. ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಮರಾಠಿಯ ಒಬ್ಬ ಆಜಿ ನೀರು ತಂದುಕೊಟ್ಟು, ಅಳಬೇಡ, ಮುಂದಿನ ಅಧ್ಯಾಯದಲ್ಲಿ ಅದು ಬಂದೇ ಬರುತ್ತದೆ ಎಂದು ಬೆನ್ನು ಸವರಿದಳು. ನಾನು ನೀರು ಕುಡಿದು ಪುಟ ತಿರುಗಿಸಿ ಓದಿ ಮುಗಿಸಿದೆ. ಅದು ಬರಲಿಲ್ಲ.

ಮನೆಯಲ್ಲಿ ಅಪ್ಪ ಟಿವಿಯ ಸದ್ದು ತಗ್ಗಿಸಿಕೊಂಡು ಕೂತಿದ್ದ. ಹಾಗೆ ಅವನು ಎಂದೂ ಮಾಡಿದವನಲ್ಲ. ಕೌದಿ ನೋಡಿದೆಯಾ ಎಂದು ಕೇಳಿದ. ಹೂಂ ಎಂದು ಹಿಟ್ಟು ನಾದಲು ಕೂತೆ. ಇನ್ನೊಂದು ಮಾತಿಗೆ ಅವನು ಕಾದಿದ್ದನೆಂದು ಈಗ ಅನ್ನಿಸುತ್ತದೆ. ಆಗ ನನಗೆ ಅವನ ಮುಖ ನೋಡಿದರೆ ಮೈ ಉರಿಯುತ್ತಿತ್ತು. ತಾನು ಒಂದು ಸಲವೂ ಅವಳಿಗಾಗಿ ಅತ್ತವನಲ್ಲ, ನನ್ನ ಹತ್ತಿರ ಇದ್ದದ್ದನ್ನೂ ಎತ್ತಿಕೊಟ್ಟು ಬಂದ ಎಂದು. ಅಂದಿನಿಂದ ನಾನು ಅವನ ಜೊತೆ ಮಾತು ಬಿಟ್ಟೆ. ನಮ್ಮ ಮನೆಯಲ್ಲಿ ಒಬ್ಬರು ಮಾತು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಾಗುವ ಹಾಗೆಯೇ ಇರಲಿಲ್ಲ, ಅದೊಂದು ತಮಾಷೆ. ಭಾನುವಾರದ ಓದನ್ನೂ ಬಿಟ್ಟೆ. ಪರೀಕ್ಷೆ ಹತ್ತಿರ ಬಂತು ಎಂದು ಮ್ಯಾಡಮ್ಮಿಗೆ ಸುಳ್ಳು ಹೇಳಿದೆ.

ನಾನಿಲ್ಲದೆಯೂ ಕೌದಿ ಮುಗಿಯಿತು. ಡಿಸೆಂಬರಿನ ಚಳಿಗೆ ಅದನ್ನು ಕಲ್ಲುಬೆಂಚಿಗೆ ಹಾಸಿದರು. ಅಭ್ಯಾಸಿಕಾಕ್ಕೆ ಹೋಗಬೇಕಾದರೆ ಅದರ ಮುಂದೆಯೇ ಹಾಯಬೇಕು. ನಾನು ಆ ಕಡೆ ಕಣ್ಣು ಹಾಕದೆ ಮೆಟ್ಟಿಲು ಹತ್ತುತ್ತಿದ್ದೆ. ಯಾರು ಯಾರೋ ಮುದುಕರು ಅದರ ಮೇಲೆ ಕೂತು ಪತ್ರಿಕೆಯ ಹಾಳೆ ಹಂಚಿಕೊಂಡು ಓದುತ್ತಿರುತ್ತಿದ್ದರು.

ಒಂದು ಗುರುವಾರ ಮಧ್ಯಾಹ್ನ ಕೆಳಗಿಳಿದು ಬರುವಾಗ ಆ ಬೆಂಚಿನ ತುದಿಯಲ್ಲಿ ಅಪ್ಪ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಕೈಯಲ್ಲಿ ಮರಾಠಿ ಪತ್ರಿಕೆ ಇತ್ತು, ಕಣ್ಣು ಅದರಲ್ಲಿರಲಿಲ್ಲ. ಇನ್ನೊಂದು ಕೈ ಪಕ್ಕದ ಹಸಿರು ಚೌಕದ ಮೇಲಿತ್ತು. ನಾನು ನೋಡುತ್ತಿರುವಾಗಲೇ ಅವನು ಚಪ್ಪಲಿ ಸರಿ ಮಾಡಿಕೊಳ್ಳುವವನಂತೆ ಬಾಗಿದ. ಬಾಗಿ, ಆ ಚೌಕಕ್ಕೆ ಮೂಗು ಹಚ್ಚಿ, ಎದ್ದು ಮತ್ತೆ ಪತ್ರಿಕೆ ಹಿಡಿದ. ಅಲ್ಲಿದ್ದವರು ಯಾರೂ ಗಮನಿಸಲಿಲ್ಲ.

ಉಳಿದ ಮೆಟ್ಟಿಲು ಇಳಿದೆ. ಹೋಗಿ ಅವನ ಪಕ್ಕ ಕೂತೆ. ಅವನು ಬೆಚ್ಚಿಬೀಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಇದರಲ್ಲಿ ಈಗ ಏನೂ ಉಳಿದಿಲ್ಲ ಎಂದ. ಕಾಕು ಸೋಡಾ ಹಾಕಿ ತೊಳೆದಿದ್ದಾಳಲ್ಲ ಎಂದೆ. ನನ್ನ ಹೊಟ್ಟೆಯಲ್ಲಿದ್ದ ವಿಷವೆಲ್ಲ ಆ ಮಾತಿನಲ್ಲಿತ್ತು. ಅಪ್ಪ ಅಲ್ಲ ಎಂದು ತಲೆಯಾಡಿಸಿದ.

"ತೊಳಿಯೂಕಿಂತ ಮದಲ ಹೋಗಿತ್ತ ಯವ್ವಾ. ನೀ ಕಾಲೇಜಿಗಿ ಹೋದ ಮ್ಯಾಲ, ರಾತ್ರಿ ಪಾಳಿ ಮುಗಿಸಿ ಬಂದಾಗೊಮ್ಮೆ ನಾ ಅದನ್ನ ತಗದು ನೋಡತಿದ್ದೆ. ನೀ ಹೆಂಗ ಕಟ್ಟಿ ಇಡತಿದ್ದಿ, ಹಂಗ ಕಟ್ಟಿ ಇಡತಿದ್ದೆ. ಕಡಿಕಡಿಗಿ ಏನೂ ಬರಲಿಲ್ಲ. ನಾನ ಎಲ್ಲಾ ಕಳದೆ. ಬರೀ ಸೀರಿ ಇಟಗೊಂಡು ಏನ ಮಾಡೂದು ಅಂತ ಕೊಟ್ಟಬಿಟ್ಟೆ."

ಅವ್ವ ಹೋದ ಮೇಲೆ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಪತ್ರಿಕೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಅದರ ಮಡಿಕೆಯನ್ನು ಉಗುರಿನಿಂದ ಮತ್ತೆ ಮತ್ತೆ ತೀಡುತ್ತಿದ್ದ. ನಮ್ಮಿಬ್ಬರ ಮೂಗು ಒಂದೇ ಚೀಲದಲ್ಲಿ ಹೊತ್ತು ಬಿಟ್ಟು ಹೊತ್ತು ಇದ್ದದ್ದು ನನಗೆ ತಿಳಿಯದೇ ಹೋಯಿತಲ್ಲ ಎಂದು ಅಳು ಬಂತು. ಕೊನೆಗೆ ಅವನು ನನ್ನ ಕಡೆ ತಿರುಗಿ, ತಪ್ಪು ಮಾಡಿದವರು ಕೇಳುವ ಸಣ್ಣ ದನಿಯಲ್ಲಿ ಕೇಳಿದ.

"ನಿನಗರ ಬರತಿತ್ತೇನು?"

"ಇಲ್ಲಪ್ಪಾ," ಎಂದೆ, "ನನಗೂ ಬರತಿರಲಿಲ್ಲ."

ಅವನು ದೊಡ್ಡದಾಗಿ ಉಸಿರು ಬಿಟ್ಟ. ಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟು ಬಂದು, ಮನೆಗೆ ಹೋಗೋಣ ನಡಿ ಎಂದ. ನಾನು ಅವನ ಹಿಂದೆ ಹೊರಟೆ. ಅವನು ಸೀರೆ ಕೊಡುವುದಕ್ಕೆ ಹಿಂದಿನ ಭಾನುವಾರ ನಾನು ಚೀಲ ಬಿಚ್ಚಿದಾಗಲೂ ಅದರಲ್ಲಿ ಅವ್ವ ಇದ್ದಳು.